ನಿಖಿಲನ ಎಡಗಿವಿ

ಕಳೆದ ತಿಂಗಳು ಈ ಕೊಲ್ಲಿ ದೇಶದಲ್ಲಿ, ಸಾಲ್ಮಿಯಾದ ಒಂದು ಹೋಟೆಲಿನ ಪಾರ್ಟಿ ಹಾಲ್‌ನಲ್ಲಿ ಎ.ಸಿ. ತಣ್ಣಗಾಗುತ್ತಿಲ್ಲ ಎಂದು ದೂರು ಬಂದಿತ್ತು. ಅಂಥ ದೂರುಗಳ ಹಿಂದೆ ಓಡುವುದೇ ನನ್ನ ಕೆಲಸ. ಏಣಿ ಹತ್ತಿ ಮೇಲಿನ ಜಾಲರಿ ಬಿಚ್ಚಿದ್ದೇ ತಡ, ಒಳಗೆ ಕೂತಿದ್ದ ಧೂಳೆಲ್ಲ ಒಮ್ಮೆಗೇ ನನ್ನ ಮುಖದ ಮೇಲೆ ಸುರಿಯಿತು. ಹಿಟ್ಟಿನಷ್ಟು ನುಣ್ಣಗಿನ, ಒಣ ಸುಣ್ಣದ ವಾಸನೆಯ ಧೂಳು. ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ ಯಾವುದೋ ಶಾಲೆಯ ಹನ್ನೆರಡನೇ ಕ್ಲಾಸಿನ ಮಕ್ಕಳು ಕುರ್ಚಿಗಳನ್ನು ಗೋಡೆಗೆ ಸರಿಸಿ ಜೋಡಿ ಜೋಡಿಯಾಗಿ ಡ್ಯಾನ್ಸ್ ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಹುಡುಗಿ ಚಪ್ಪಾಳೆ ತಟ್ಟುತ್ತ ‘ಒನ್, ಟೂ, ಥ್ರೀ’ ಎಂದು ಎಣಿಸುತ್ತಿದ್ದಳು. ಬಾಯಿ ತುಂಬ ಧೂಳು, ಕಿವಿಯಲ್ಲಿ ಆ ಎಣಿಕೆ. ಮೆಲ್ಲಗೆ ಇಳಿದು ಬಂದು ಗೋಡೆಗೆ ಒರಗಿ ಕೂತೆ. ಬಲಗೈ ಮುಷ್ಟಿ ಕಟ್ಟಿತ್ತು. ಅದನ್ನು ಬಿಡಿಸಲು ಎಡಗೈಯ ಸಹಾಯ ಬೇಕಾಯಿತು.

ಆ ಎಣಿಕೆಯನ್ನು ನಾನು ಮೊದಲು ಕೇಳಿದ ವರ್ಷ ನನಗೆ ಹದಿನೇಳು. ನಾವಿದ್ದದ್ದು ಮಂಗಫ್‌ನಲ್ಲಿ, ರಿಫೈನರಿ ಕೆಲಸದವರೇ ತುಂಬಿದ್ದ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಪಪ್ಪ ಒಂದು ಗುತ್ತಿಗೆ ಕಂಪನಿಯಲ್ಲಿ ಫೋರ್‌ಮನ್. ಬೆಳಗಾಗುವ ಮುಂಚೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿನ ಕಬ್ಬಿಣ ಮುಟ್ಟಿದರೆ ಕೈಯ ಚರ್ಮ ಅಂಟಿಕೊಂಡು ಬರುತ್ತದೆ ಎನ್ನುತ್ತಿದ್ದರು. ಆ ಬಿಸಿಯನ್ನು ಅವರು ಮನೆಗೂ ಹೊತ್ತು ತರುತ್ತಿದ್ದರು. ಅಂಕ ಕಡಿಮೆಯಾದರೆ, ಎದುರು ಮಾತಾಡಿದರೆ, ಟಿ.ವಿ. ಸದ್ದು ಜಾಸ್ತಿಯಾದರೆ ಸೊಂಟದ ಬೆಲ್ಟು ಕೈಗೆ ಬರುತ್ತಿತ್ತು. ಅಮ್ಮ ಆಗ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತ ನಿಂತಿರುತ್ತಿದ್ದಳು. ಅವಳು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಕಿವಿ-ಮೂಗು-ಗಂಟಲು ವಿಭಾಗದ ನರ್ಸ್. ದಿನವಿಡೀ ಬೇರೆಯವರ ನೋವು ನೋಡಿ ಬಂದವಳು ಮನೆಯ ನೋವಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ ಎಂದು ನನಗೆ ಒಳಗೊಳಗೇ ಸಿಟ್ಟಿತ್ತು.

ಮನೆಯಲ್ಲಿ ತಿಂದ ಏಟನ್ನು ನಾನು ಹೊರಗೆ ಹಂಚುತ್ತಿದ್ದೆ. ಶಾಲೆಯ ಬಸ್ಸಿನಲ್ಲಿ ಹಿಂದಿನ ಸೀಟು ನನ್ನದು. ಅಲ್ಲಿ ಯಾರಾದರೂ ಕೂತರೆ ಕಾಲರ್ ಹಿಡಿದು ಎಬ್ಬಿಸುತ್ತಿದ್ದೆ. ಹತ್ತನೇ ಕ್ಲಾಸಿನಲ್ಲಿ ಒಬ್ಬನ ಮೂಗು ಒಡೆದಿದ್ದೆ. ನನ್ನ ಜತೆ ಯಾವಾಗಲೂ ಇರುತ್ತಿದ್ದವನು ಮಿಥುನ್. ನಮ್ಮದೇ ಕಟ್ಟಡದವನು, ನಮ್ಮ ಹಾಗೆಯೇ ಮನೆಯಲ್ಲಿ ತುಳು ಮಾತಾಡುವವರು. ಹೊಡೆಯುವುದು ನಾನು, ನಗುವುದು ಅವನು.

ಏಪ್ರಿಲ್‌ನಲ್ಲಿ ಹನ್ನೆರಡನೇ ಕ್ಲಾಸು ಶುರುವಾದಾಗ ದೀಕ್ಷಾ ಒಂದು ಅರ್ಜಿ ಬರೆದಳು. ದೀಕ್ಷಾಳ ಅಪ್ಪ ಅಮ್ಮ ಇಬ್ಬರೂ ಜಾಬ್ರಿಯಾದಲ್ಲಿ ಡಾಕ್ಟರು, ಹಾಸನದ ಕಡೆಯವರು. ಕ್ಲಾಸಿನಲ್ಲಿ ಯಾವ ಕೆಲಸಕ್ಕೂ ಮೊದಲು ಪಟ್ಟಿ ಮಾಡುವವಳು ಅವಳೇ. ರಜೆಯ ನಂತರ ಎಲ್ಲರೂ ಬೋರ್ಡ್ ಪರೀಕ್ಷೆಯ ಟ್ಯೂಷನ್ನಿನಲ್ಲಿ ಮುಳುಗುತ್ತೇವೆ, ಆದ್ದರಿಂದ ಬೇಸಿಗೆ ರಜೆಗೆ ಮುಂಚೆಯೇ ನಮಗೊಂದು ಫಾರ್ಮಲ್ ಡ್ಯಾನ್ಸ್ ಬೇಕು ಎಂದು ಅವಳು ಬರೆದದ್ದು. ಹುಡುಗರು ಕೋಟು ಹಾಕಿ, ಹುಡುಗಿಯರು ಗೌನೋ ಸೀರೆಯೋ ಉಟ್ಟು, ಜೋಡಿಯಾಗಿ ಕುಣಿಯುವ ಒಂದು ಸಂಜೆ. ನಮ್ಮಂಥ ಶಾಲೆಯಲ್ಲಿ ಹುಡುಗ ಹುಡುಗಿಯರ ಮೆಟ್ಟಿಲೇ ಬೇರೆ ಬೇರೆ. ಶಾಲೆಯವರು ಒಪ್ಪುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ. ವೈಸ್ ಪ್ರಿನ್ಸಿಪಾಲ್ ಮೇಡಂ ಒಂದು ವಾರ ಯೋಚಿಸಿ ಒಪ್ಪಿದರು. ಶಾಲೆಯ ಹಾಲ್‌ನಲ್ಲೇ ಆಗಬೇಕು, ಗುರುವಾರ ನಾಲ್ಕರಿಂದ ಏಳರವರೆಗೆ, ಟೀಚರುಗಳು ಇರುತ್ತಾರೆ, ಹಾಡಿನಲ್ಲಿ ಮಾತಿರಕೂಡದು, ಬರೀ ವಾದ್ಯ, ಜೋಡಿಗಳ ನಡುವೆ ಒಂದು ತೋಳಿನ ಅಂತರ, ಎಲ್ಲರ ಮನೆಯಿಂದ ಸಹಿ.

ಆ ನಂತರದ ನಾಲ್ಕೈದು ವಾರ ನಮ್ಮ ಶಾಲೆ ನಾವು ಕಂಡ ಶಾಲೆಯಾಗಿರಲಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಹುಡುಗಿಯರು ಬಟ್ಟೆಯ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಹುಡುಗರು ತಮ್ಮ ಅಪ್ಪಂದಿರ ಮದುವೆಯ ಕೋಟು ತಂದು ಟಾಯ್ಲೆಟ್ಟಿನಲ್ಲಿ ಹಾಕಿ ನೋಡಿದರು. ಟೈ ಕಟ್ಟಲು ಬರುವವನು ಒಬ್ಬನೇ ಇದ್ದ, ಅವನಿಗೆ ಊಟದ ಬಿಡುವಿನಲ್ಲಿ ಕ್ಯೂ. ಯಾರ ಜತೆ ಯಾರು ಎಂದು ಜಗಳವಾಗದಿರಲು ದೀಕ್ಷಾ ಚೀಟಿ ಎತ್ತಿಸಿದಳು. ನನಗೆ ಅವಳ ಹೆಸರೇ ಬಂತು. ಮಿಥುನ್ ನನ್ನ ಬೆನ್ನಿಗೆ ಗುದ್ದಿದ. ನಾನು ಆ ಚೀಟಿಯನ್ನು ಎಸೆಯದೆ ಜೇಬಿನಲ್ಲಿಟ್ಟುಕೊಂಡೆ.

ಕುಣಿಯಲು ಕಲಿಸಿದವನು ನಿಖಿಲ್. ಮೈದಾನ್ ಹವಲ್ಲಿಯಲ್ಲಿ ಮನೆ, ಅಪ್ಪ ಬ್ಯಾಂಕಿನಲ್ಲಿ, ಮಂಡ್ಯದ ಕಡೆಯವರು. ಕನ್ನಡಕ ಹಾಕಿದ ತೆಳ್ಳಗಿನ ಹುಡುಗ, ಆಟದ ಪಿರಿಯಡ್ಡಿನಲ್ಲಿ ಯಾರ ತಂಡಕ್ಕೂ ಬೇಡವಾದವನು. ಆದರೆ ಮೂರು ಎಣಿಕೆಗೆ ಹೆಜ್ಜೆ ಹಾಕಿ ತಿರುಗುವುದನ್ನು ಅವನು ವಿಡಿಯೋ ನೋಡಿಯೇ ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ, ಹಾಲ್‌ನ ನಡುವೆ ಅವನೊಬ್ಬನೇ ತೋಳುಗಳನ್ನು ಗಾಳಿಯಲ್ಲಿ ಹಿಡಿದು ಸುತ್ತಿದಾಗ ನಾವೆಲ್ಲ ನಗುವುದನ್ನು ಮರೆತೆವು. ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಅಭ್ಯಾಸ. ಬೇರೆಯವರು ಕಾಲು ತುಳಿದುಕೊಂಡು, ಡಿಕ್ಕಿ ಹೊಡೆದು, ನಕ್ಕು ನಕ್ಕು ಸುಸ್ತಾಗುತ್ತಿದ್ದರು. ನನಗೆ ಮಾತ್ರ ನಗಲು ಆಗುತ್ತಿರಲಿಲ್ಲ. ಹೆಜ್ಜೆ ತಪ್ಪಿದರೆ ಮೈಯೆಲ್ಲ ಬಿಗಿಯುತ್ತಿತ್ತು. ಒಂದು ದಿನ ದೀಕ್ಷಾ ತಪ್ಪು ದಿಕ್ಕಿಗೆ ತಿರುಗಿದಳು. ನಾನು ಅವಳ ಮಣಿಕಟ್ಟು ಹಿಡಿದು ಜಗ್ಗಿದೆ. ಎಷ್ಟು ಜೋರಾಗಿ ಎಂದು ನನಗೆ ಗೊತ್ತಾಗಲಿಲ್ಲ. ಅವಳು ಸದ್ದಿಲ್ಲದೆ ಕೈ ಬಿಡಿಸಿಕೊಂಡು ನೀರು ಕುಡಿಯಲು ಹೋದಳು. ಮರುದಿನ ಅವಳು ಉದ್ದ ತೋಳಿನ ಅಂಗಿ ಹಾಕಿಕೊಂಡು ಬಂದಿದ್ದಳು. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬೇರೊಬ್ಬಳ ಹೆಸರಿತ್ತು. ದೀಕ್ಷಾಳ ಹೆಸರಿನ ಮುಂದೆ ನಿಖಿಲ್.

ಮಿಥುನ್ ಬಸ್ಸಿನಲ್ಲಿ ಇಡೀ ದಾರಿ ನಕ್ಕ. ಕನ್ನಡಕದ ಹುಡುಗನ ಎದುರು ಸೋತೆಯಲ್ಲ ಮಾರಾಯ ಎಂದ. ಹಿಂದಿನ ನಾಲ್ಕು ಸೀಟಿನವರು ಅದನ್ನೇ ಹಾಡು ಮಾಡಿದರು. ನಾಲ್ಕು ದಿನ ನಾನು ಏನೂ ಮಾಡಲಿಲ್ಲ. ನಾಲ್ಕು ದಿನವೂ ರಾತ್ರಿ ಊಟ ಗಂಟಲಲ್ಲಿ ಇಳಿಯಲಿಲ್ಲ.

ಐದನೇ ದಿನ ಧೂಳಿನ ಬಿರುಗಾಳಿ ಬಂತು. ಹನ್ನೊಂದು ಗಂಟೆಗೆಲ್ಲ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಹನ್ನೆರಡಕ್ಕೆ ಎದುರಿನ ಕಟ್ಟಡ ಕಾಣದಾಯಿತು. ಶಾಲೆ ಬೇಗ ಬಿಟ್ಟರು, ಅಭ್ಯಾಸವೂ ರದ್ದು. ಮಕ್ಕಳೆಲ್ಲ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಸ್ಸುಗಳ ಕಡೆ ಓಡಿದರು. ನಿಖಿಲ್ ಮನೆ ಹತ್ತಿರವಿದ್ದುದರಿಂದ ಅವನು ಬಸ್ಸಿನವನಲ್ಲ. ಶಾಲೆಯ ಹಿಂದಿನ ಬಯಲು ದಾಟಿ ಟ್ಯಾಕ್ಸಿ ಹಿಡಿಯುತ್ತಿದ್ದ. ಅದು ನಮಗೆ ಗೊತ್ತಿತ್ತು. ಮಿಥುನ್ ಮತ್ತು ನಾನು ಕಾಂಪೌಂಡಿನ ಮೂಲೆಯಲ್ಲಿ ನಿಂತಿದ್ದೆವು. ಗಾಳಿಯಲ್ಲಿ ಮರಳು ಸೂಜಿಯ ಹಾಗೆ ಕೆನ್ನೆಗೆ ಚುಚ್ಚುತ್ತಿತ್ತು.

ಅವನು ತಲೆ ತಗ್ಗಿಸಿಕೊಂಡು ಬಂದ. ಮಿಥುನ್ ಹಿಂದಿನಿಂದ ಅವನ ಬ್ಯಾಗಿನ ಪಟ್ಟಿಗಳನ್ನು ಹಿಡಿದ. ನಾನು ಎದುರು ನಿಂತು, ದೀಕ್ಷಾಳನ್ನು ನೀನೇ ಕೇಳಿ ಪಡೆದುಕೊಂಡೆಯಾ ಎಂದು ಕೇಳಿದೆ. ಗಾಳಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ‘ವಾಟ್?’ ಎಂದು ಕಿವಿಗೆ ಕೈ ಹಿಡಿದ. ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡೆ. ಅಂಗೈ ಬಿಡಿಸಿ ಬೀಸಿ ಹೊಡೆದೆ. ಅದು ಸರಿಯಾಗಿ ಅವನ ಎಡಗಿವಿಯ ಮೇಲೆ ಬಿತ್ತು.

ಆಮೇಲೆ ಮುಷ್ಟಿಯಿಂದ ಹೊಡೆದೆ. ಹಲ್ಲು ನನ್ನ ಬೆರಳಿನ ಗೆಣ್ಣಿಗೆ ತಾಗಿ ಚರ್ಮ ಹರಿಯಿತು. ಅವನು ತಿರುಗಿ ಹೊಡೆಯಲಿಲ್ಲ. ಎರಡೂ ಕೈಯಲ್ಲಿ ಕನ್ನಡಕ ಉಳಿಸಿಕೊಳ್ಳಲು ನೋಡುತ್ತಿದ್ದ. ಮಿಥುನ್ ಕೈ ಬಿಟ್ಟಾಗ ಅವನು ಪಕ್ಕಕ್ಕೆ ಬಿದ್ದ, ಬೀಳುವಾಗ ತಲೆ ಕಾಲುದಾರಿಯ ಕಾಂಕ್ರೀಟ್ ಅಂಚಿಗೆ ಬಡಿಯಿತು. ತೆಂಗಿನಕಾಯಿಯನ್ನು ನೆಲಕ್ಕೆ ಕುಕ್ಕಿದ ಹಾಗೆ ಸದ್ದಾಯಿತು. ನಿಲ್ಲಿಸಬಹುದಾಗಿತ್ತು. ನಾನು ಒದೆಯಲು ಶುರು ಮಾಡಿದೆ. ಪಕ್ಕೆಗೆ, ಬೆನ್ನಿಗೆ, ತೊಡೆಗೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ: ನನಗೆ ಹಿತವಾಗುತ್ತಿತ್ತು. ನಾಲ್ಕು ದಿನದಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದು ಒಂದೊಂದು ಒದೆತಕ್ಕೂ ಸಡಿಲವಾಗುತ್ತಿತ್ತು. ಹಸಿದವನು ಉಣ್ಣುವ ಹಾಗೆ ಒದ್ದೆ.

“ಸಾಕು ಮಾರಾಯ, ಯಲ್ಲಾ, ಬೇಗ ಬಾ, ಬಸ್ಸು ಹೊರಡ್ತದೆ” ಎಂದ ಮಿಥುನ್.

ನಾವು ಓಡಿದೆವು. ಬಸ್ಸಿನಲ್ಲಿ ಹುಡುಗಿಯರು ಡ್ಯಾನ್ಸಿನ ದಿನ ಹಾಲ್‌ಗೆ ಬಿಳಿ ಪರದೆಯೋ ನೀಲಿಯೋ ಎಂದು ವಾದ ಮಾಡುತ್ತಿದ್ದರು. ನಾನು ಗೆಣ್ಣಿನ ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡು ಕಿಟಕಿಯ ಆಚೆ ನೋಡಿದೆ. ಏನೂ ಕಾಣುತ್ತಿರಲಿಲ್ಲ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗಾಳಿ ಇಳಿಯಿತು. ಐದಕ್ಕೆ ಅಮ್ಮ ಕ್ಲಿನಿಕ್ಕಿನಿಂದ ಬಂದಳು. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಮುಖ ತೊಳೆಯದೆ ಹಾಗೆಯೇ ಸೋಫಾದ ಮೇಲೆ ಕೂತಳು. ನಾನು ಬ್ರೆಡ್ ತಿನ್ನುತ್ತಿದ್ದೆ. ಅವಳು ತನ್ನಷ್ಟಕ್ಕೆ ಹೇಳಿಕೊಳ್ಳುವ ಹಾಗೆ ಹೇಳತೊಡಗಿದಳು. ಮಧ್ಯಾಹ್ನ ಒಬ್ಬ ಹುಡುಗನನ್ನು ಟ್ಯಾಕ್ಸಿಯವನು ಎತ್ತಿಕೊಂಡು ಬಂದನಂತೆ. ಕಿವಿಯಿಂದ ರಕ್ತ. ಎರಡು ಹಲ್ಲು ಮುರಿದಿವೆ. ನಿಲ್ಲಿಸಿದರೆ ನಿಲ್ಲಲಾರ, ಕೋಣೆ ತಿರುಗುತ್ತದೆ ಎನ್ನುತ್ತಾನೆ. ಸ್ಕ್ಯಾನ್ ಮಾಡಿದಾಗ ಕಿವಿಯ ಹಿಂದಿನ ಎಲುಬಿನಲ್ಲಿ ಬಿರುಕು. ಡಾಕ್ಟರು ಯಾರು ಹೊಡೆದರು ಎಂದು ಮೂರು ಸಲ ಕೇಳಿದರೂ ಮೆಟ್ಟಿಲಿಂದ ಬಿದ್ದೆ ಎನ್ನುತ್ತಾನೆ. ಹೊಡೆದದ್ದು ಎಂದು ಬರೆದರೆ ಪೊಲೀಸರಿಗೆ ತಿಳಿಸಲೇಬೇಕಲ್ಲ, ಅದಕ್ಕೆ ಹೆದರಿರಬೇಕು ಎಂದಳು. “ಕೆನ್ನೆಯಲ್ಲಿ ಐದು ಬೆರಳು ಮೂಡಿತ್ತು. ಮೆಟ್ಟಿಲಿಗೆ ಬೆರಳು ಉಂಟಾ?”

ಬ್ರೆಡ್ ನನ್ನ ಬಾಯಲ್ಲೇ ಉಳಿಯಿತು. ನಿನ್ನ ಶಾಲೆಯ ಬ್ಯಾಡ್ಜೇ ಇತ್ತು, ನಿಖಿಲ್ ಎಂದು ಹೆಸರು, ನಿನಗೆ ಗೊತ್ತಾ ಎಂದು ಕೇಳುತ್ತ ಅವಳು ನನ್ನ ಕಡೆ ತಿರುಗಿದಳು. ಅವಳ ಕಣ್ಣು ನನ್ನ ಮುಖಕ್ಕೆ ಬರುವ ಮೊದಲು ಕೈಯ ಮೇಲೆ ನಿಂತಿತು. ಗೆಣ್ಣುಗಳು ಊದಿಕೊಂಡಿದ್ದವು, ಹಲ್ಲು ತಾಗಿದಲ್ಲಿ ಚರ್ಮ ಎದ್ದಿತ್ತು. ಇಪ್ಪತ್ತು ವರ್ಷ ನರ್ಸ್ ಆಗಿದ್ದವಳಿಗೆ ಏನು ಕಂಡಿತೋ ಅದು ಕಂಡಿತು. ಅವಳು ಎದ್ದು ಬಂದು ನನ್ನ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಬೆರಳುಗಳನ್ನು ಅಗಲಿಸಿ ನೋಡಿದಳು. ಆ ಕೆನ್ನೆಯ ಮೇಲಿನ ಗುರುತನ್ನು ಅಳೆಯುವ ಹಾಗೆ. ಆಮೇಲೆ ಕೈ ಬಿಟ್ಟಳು.

ಪಪ್ಪ ಬಂದಾಗ ಅವಳೇ ಹೇಳಿದಳು. ಬೆಲ್ಟು ಸೊಂಟದಿಂದ ಬಿಚ್ಚಿ ಬಂದ ಸದ್ದು ನನಗೆ ಪರಿಚಿತ. ಅಂದಿನ ಏಟುಗಳಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಕೇಸಾದರೆ ಇಲ್ಲಿರಲು ಕೊಟ್ಟ ಇಕಾಮಾ ಹೋಗುತ್ತದೆ, ವೀಸಾ ಕೊಟ್ಟ ಕಫೀಲ್ ಕೈ ಬಿಡುತ್ತಾನೆ, ಮೂರೂ ಜನರನ್ನು ವಿಮಾನ ಹತ್ತಿಸುತ್ತಾರೆ ಎನ್ನುತ್ತ ಹೊಡೆದರು. ನಾನು ಗೋಡೆಯ ಮೂಲೆಯಲ್ಲಿ ಮುದುಡಿಕೊಂಡಿದ್ದೆ. ಆರನೆಯದೋ ಏಳನೆಯದೋ ಏಟಿಗೆ ಅಮ್ಮ ನಡುವೆ ಬಂದಳು. ಹಿಂದೆಂದೂ ಬಂದವಳಲ್ಲ. ಬಕಲ್ ಅವಳ ಮೊಣಕೈಗೆ ಬಿದ್ದು ರಕ್ತ ಚಿಮ್ಮಿತು. ಪಪ್ಪ ಬೆಲ್ಟನ್ನು ಅಲ್ಲೇ ಬಿಟ್ಟು ಕುರ್ಚಿಯಲ್ಲಿ ಕುಸಿದರು. ಮನೆಯಲ್ಲಿ ನಾವಾಡುವುದು ತುಳು. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಯಾರೂ ಬಾಯಿ ಬಿಡಬೇಡಿ. ಆ ಹುಡುಗನೇ ಬಿದ್ದೆ ಅಂತ ಹೇಳಿದ್ದಾನಲ್ಲ. ಖಲಾಸ್” ಎಂದರು ಪಪ್ಪ.

“ನೀವು ಕೂತ್ಕೊಳ್ಳಿ” ಎಂದಳು ಅಮ್ಮ. “ನಾನು ಇವನನ್ನು ಕರ್ಕೊಂಡು ಹೋಗ್ತೇನೆ.”

ಮೊಣಕೈಗೆ ಬ್ಯಾಂಡೇಜ್ ಸುತ್ತಿಕೊಂಡು, ಕ್ಲಿನಿಕ್ಕಿನ ದಾಖಲೆಯಲ್ಲಿ ನೋಡಿದ್ದ ವಿಳಾಸವನ್ನು ನೆನಪಿನಿಂದಲೇ ಟ್ಯಾಕ್ಸಿಯವನಿಗೆ ಹೇಳಿದಳು. ಹಾಗೆ ರೋಗಿಯ ಮನೆಗೆ ಹೋದದ್ದು ಕ್ಲಿನಿಕ್ಕಿಗೆ ತಿಳಿದರೆ ಅವಳ ಕೆಲಸಕ್ಕೂ ಕುತ್ತು. ಮಂಗಫ್‌ನಿಂದ ಮೈದಾನ್ ಹವಲ್ಲಿಯವರೆಗೆ ರಸ್ತೆಯ ಎರಡೂ ಬದಿ ಮರಳು ಗುಡ್ಡೆಯಾಗಿ ಬಿದ್ದಿತ್ತು. ಅರ್ಧ ದಾರಿಯಲ್ಲಿ ಅವಳು ನನ್ನ ಕಡೆ ನೋಡದೆ ಹೇಳಿದಳು:

“ನಿನಗೆ ಹೊಡೆಯುವಾಗೆಲ್ಲ ನಾನು ನಲ್ಲಿ ಬಿಟ್ಟು ನಿಲ್ತಿದ್ದೆ. ಅದು ನನ್ನ ತಪ್ಪು. ಇದು ನಿನ್ನದು. ಎರಡನ್ನೂ ಒಂದು ಮಾಡಬೇಡ.”

ಬಾಗಿಲು ತೆರೆದವರು ನಿಖಿಲನ ಅಪ್ಪ ರಾಜಶೇಖರ್ ಅಂಕಲ್. ಕ್ಲಿನಿಕ್ಕಿನಿಂದ ಆಗಷ್ಟೇ ಮಗನನ್ನು ಕರೆತಂದಿದ್ದರು. ಅಂಗಿಯ ಮೇಲೆ ಒಣಗಿದ ರಕ್ತ ಹಾಗೆಯೇ ಇತ್ತು. ಅಮ್ಮನನ್ನು ಗುರುತಿಸಿ, ಔಷಧಿ ಏನಾದರೂ ಮರೆತೆವಾ ಸಿಸ್ಟರ್ ಎಂದು ಕೇಳಿದರು. ಅಮ್ಮ ಹೊಸಿಲ ಆಚೆಯೇ ನಿಂತು, ನಿಮ್ಮ ಮಗ ಬಿದ್ದದ್ದಲ್ಲ, ಹೊಡೆದದ್ದು ಇವನು, ನನ್ನ ಮಗ ಎಂದಳು. ಅಂಕಲ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಳಗಿನಿಂದ ನಿಖಿಲನ ಅಮ್ಮ ಸುಮಾ ಆಂಟಿ ಬಂದರು. ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಪುಟ್ಟ ಹೆಂಗಸು, ನನ್ನ ಎದೆಯಷ್ಟು ಎತ್ತರ. ನೇರ ಬಂದವರೇ ಎರಡೂ ಮುಷ್ಟಿಯಿಂದ ನನ್ನ ಎದೆಗೆ ಗುದ್ದತೊಡಗಿದರು. ನನ್ನ ಬೆನ್ನು ಲಿಫ್ಟಿನ ಬಾಗಿಲಿಗೆ ತಾಗುವವರೆಗೆ ಗುದ್ದಿದರು. ಅಂಕಲ್ ತಡೆಯಲಿಲ್ಲ. ಅಮ್ಮನೂ ತಡೆಯಲಿಲ್ಲ. ಕೈ ಸೋತ ಮೇಲೆ ಅವರು, ಒಲೆ ಮೇಲೆ ಗಂಜಿ ಇಟ್ಟಿದ್ದೆ ಎಂದು ಗೊಣಗುತ್ತ ಒಳಗೆ ಹೋದರು.

“ಒಂದ್ ಕಾರಣ ಹೇಳಪ್ಪ” ಎಂದರು ಅಂಕಲ್. “ನನ್ನ ಮಗ ನಿನಗೇನ್ ಮಾಡಿದ್ದ? ಒಂದ್ ಕಾರಣ ಹೇಳು ಸಾಕು, ನಾನು ಅವನಿಗೆ ಹೇಳ್ಬೇಕು.”

ನಾನು ಬಾಯಿ ತೆರೆದೆ. ಡ್ಯಾನ್ಸು, ಚೀಟಿ, ಬಸ್ಸಿನ ನಗೆ, ಎಲ್ಲ ನಾಲಿಗೆಯ ತುದಿಯವರೆಗೆ ಬಂದವು; ಎದುರು ನಿಂತ ಆ ಮನುಷ್ಯನ ಮುಂದೆ ಹೇಳಲು ಒಂದೂ ಯೋಗ್ಯವಾಗಿ ಕಾಣಲಿಲ್ಲ. ಅಷ್ಟರಲ್ಲಿ ನಿಖಿಲ್ ಗೋಡೆ ಹಿಡಿದುಕೊಂಡು ಬಂದ. ತಲೆಗೆ ಪಟ್ಟಿ, ಒಂದು ಕಣ್ಣು ಮುಚ್ಚಿಹೋಗಿತ್ತು. ನೆಲ ಅವನಿಗೆ ದೋಣಿಯ ಹಾಗೆ ತೂಗುತ್ತಿತ್ತು ಎಂದು ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಕಂಡದ್ದೇ ಅವನು ಒಂದು ಹೆಜ್ಜೆ ಹಿಂದೆ ಸರಿದ; ಬೀಳಲಿದ್ದವನನ್ನು ಅಪ್ಪ ಹಿಡಿದರು. ನನ್ನನ್ನು ನೋಡಿ ಒಬ್ಬ ಮನುಷ್ಯ ಹಾಗೆ ಹೆದರಿದ್ದನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಹಿಂದಿನಿಂದ ಇನ್ನೊಬ್ಬ ಹಿಡಿದಿದ್ದ ಎಂದು ನಿಖಿಲ್ ಆಗ ಹೇಳಿದ. ಅವನು ಯಾರು ಎಂದು ಅಂಕಲ್ ಕೇಳಿದರು. ನಿಖಿಲ್ ಅವನನ್ನು ನೋಡಿರಲಿಲ್ಲ. ನಾನು ಹೇಳಲಿಲ್ಲ. ಅದನ್ನು ಆಗ ಸ್ನೇಹ ಎಂದುಕೊಂಡಿದ್ದೆ.

ಎರಡು ದಿನ ನಮ್ಮ ಮನೆಯಲ್ಲಿ ಸೂಟ್‌ಕೇಸುಗಳು ತೆರೆದೇ ಇದ್ದವು. ಪಪ್ಪ ಅವುಗಳಿಗೆ ಬಟ್ಟೆ ತುಂಬುವುದು, ತೆಗೆಯುವುದು. ಮೂರನೇ ದಿನ ಅಂಕಲ್ ಫೋನ್ ಮಾಡಿದರು. ಪೊಲೀಸ್ ಠಾಣೆಯ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ ಎಂದರಂತೆ. ನೀವು ಮನೆಗೆ ಬರದೇ ಹೋಗಿದ್ದರೆ ಒಳಗೆ ಹೋಗಿರುತ್ತಿದ್ದೆ, ಆದರೆ ನಿಮ್ಮ ಮಗ ಶಾಲೆಯಲ್ಲಿ ತಾನಾಗಿ ಹೇಳಬೇಕು, ಎಲ್ಲರ ಎದುರು ಎಂದರಂತೆ. ಮರುದಿನ ನಾನು ಇಡೀ ಕ್ಲಾಸಿನ ಮುಂದೆ ನಿಂತು, ನಿಖಿಲ್‌ಗೆ ಹೊಡೆದದ್ದು ನಾನು ಎಂದೆ. ಅಷ್ಟೇ ಹೇಳಿದೆ. ಅದರ ಮುಂದಿನ ಮಾತು ಬಾಯಿಗೆ ಬರಲಿಲ್ಲ. ಮಿಥುನ್ ಮೂರನೇ ಬೆಂಚಿನಲ್ಲಿ ಪುಸ್ತಕ ನೋಡುತ್ತ ಕೂತಿದ್ದ. ವೈಸ್ ಪ್ರಿನ್ಸಿಪಾಲ್ ಮೇಡಂ ನನ್ನನ್ನು ಎರಡು ವಾರ ಕ್ಲಾಸಿನಿಂದ ಹೊರಗಿಟ್ಟರು. ಡ್ಯಾನ್ಸಿಗೆ ಬರಕೂಡದು, ಆದರೆ ಅಂದು ಬೆಳಗ್ಗೆ ಬಂದು ಹಾಲ್ ಗುಡಿಸಿ, ಕುರ್ಚಿ ಸರಿಸಿ, ಮೂರೂವರೆಗೆ ಹೊರಡಬೇಕು ಎಂದರು.

ಆ ಗುರುವಾರ ಹಾಲ್‌ನ ಮೂಲೆ ಮೂಲೆಯಲ್ಲೂ ಬಿರುಗಾಳಿಯ ಮರಳಿತ್ತು. ಗುಡಿಸಿದಷ್ಟೂ ಬರುತ್ತಿತ್ತು. ನುಣ್ಣನೆಯ ನೆಲದ ಮೇಲೆ ಒಂದು ಕಾಳು ಮರಳಿದ್ದರೂ ಕಾಲು ಜಾರುತ್ತದೆ ಎಂದು ಹಿಂದೆ ಕಲಿಸುವಾಗ ನಿಖಿಲ್ ಹೇಳಿದ್ದ. ನಾನು ಮೂರು ಸಲ ಗುಡಿಸಿ, ಎರಡು ಸಲ ಒರೆಸಿದೆ. ನೀಲಿ ಪರದೆ ಏರಿತು. ಮೂರೂವರೆಗೆ ದೀಕ್ಷಾ ಬಂದಳು, ಗಾಢ ಕೆಂಪು ಸೀರೆಯಲ್ಲಿ. ನಾನು ಮಾಪ್ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಅವಳು ದಾಟಿ ಹೋಗಿ, ಮತ್ತೆ ಹಿಂದೆ ಬಂದಳು.

“ಪೇರ್ ಚೇಂಜ್ ಮಾಡಿದ್ದು ನಾನು. ನಿಖಿಲ್ ಏನೂ ಕೇಳಿರ್ಲಿಲ್ಲ” ಎಂದಳು. “ಕೈ ನೋವಾಯ್ತು, ಅದಕ್ಕೆ ಮಾಡ್ದೆ. ನಿನಗೆ ಸಿಟ್ಟಿದ್ರೆ ನನ್ನ ಹತ್ರ ಬರ್ಬೇಕಿತ್ತು ಶರತ್. ಅವನು ತಿರುಗಿ ಹೊಡಿಯಲ್ಲ ಅಂತ ಗೊತ್ತಿದ್ದೇ ನೀನು ಅವನ ಹತ್ರ ಹೋದೆ.”

ನಾನು ಹೊರಗೆ ಹೋದೆ. ನನ್ನ ಬಸ್ಸು ಆರಕ್ಕೆ. ವರಾಂಡದಲ್ಲಿ ಗಾಜಿನ ಬಾಗಿಲ ಪಕ್ಕ, ಬಕೆಟ್ಟಿನ ಹತ್ತಿರ ನೆಲದ ಮೇಲೆ ಕೂತೆ. ನಾಲ್ಕು ಗಂಟೆಯಲ್ಲೂ ಗೋಡೆ ಸುಡುತ್ತಿತ್ತು. ಒಳಗೆ ಸಂಗೀತ ಶುರುವಾಯಿತು. ಎಷ್ಟು ಚಂದವಿತ್ತು ಎಂದರೆ ಹೇಳಲಾರೆ. ಅಪ್ಪಂದಿರ ಅಗಲ ಭುಜದ ಕೋಟಿನೊಳಗೆ ಹುಡುಗರು, ಎತ್ತರ ಹಿಮ್ಮಡಿಯ ಚಪ್ಪಲಿಯಲ್ಲಿ ತಡವರಿಸುತ್ತ ಹುಡುಗಿಯರು, ಒಂದು ತೋಳಿನ ಅಂತರವನ್ನು ಕಣ್ಣಲ್ಲೇ ಅಳೆಯುತ್ತ ನಿಂತ ಟೀಚರುಗಳು. ಇತಿಹಾಸದ ಮೇಡಂ ಕೊನೆಗೆ ತಾವೇ ನಗುತ್ತ ಗಣಿತದ ಮೇಡಂ ಕೈ ಹಿಡಿದು ಕುಣಿದರು. ಯಾರೂ ಹೆಜ್ಜೆ ತಪ್ಪಿದ್ದಕ್ಕೆ ಬೇಸರ ಪಡಲಿಲ್ಲ.

ನಿಖಿಲ್ ಬಂದಿದ್ದ. ಬರಬೇಡ ಎಂದರೂ ಬಂದನಂತೆ. ಬೂದು ಕೋಟು, ಹೊಸ ಕನ್ನಡಕ. ದೀಕ್ಷಾ ಅವನ ಬಲಕ್ಕೆ ನಿಂತು ಕಿವಿಯ ಹತ್ತಿರ ಎಣಿಸುತ್ತಿದ್ದಳು. ಮೊದಲ ಸುತ್ತು ಸರಿಯಾಯಿತು. ಎರಡನೆಯದರಲ್ಲಿ ಅವನ ಮುಖ ಬಿಳಿಚಿತು. ಮೂರನೆಯದರಲ್ಲಿ ಅವನು ಅವಳ ಕೈ ಬಿಟ್ಟು, ಯಾವ ಕಡೆ ಬೀಳುತ್ತಿದ್ದೇನೆ ಎಂದೇ ತಿಳಿಯದವನಂತೆ ಗಾಳಿಯಲ್ಲಿ ಕೈಯಾಡಿಸಿ ಮಂಡಿಯೂರಿ ಬಿದ್ದ. ಬಿದ್ದಲ್ಲೇ ವಾಂತಿ ಮಾಡಿಕೊಂಡ. ಸಂಗೀತ ನಿಂತಿತು. ಆ ನಿಶ್ಶಬ್ದದಲ್ಲಿ ಒಬ್ಬ ನಕ್ಕ. ಮಿಥುನ್.

ನಾನು ಬಾಗಿಲು ತಳ್ಳಿ ಒಳಗೆ ಹೋದದ್ದು ಅವನಿಗೆ ಹೊಡೆಯಲೆಂದೇ. ಇದರಲ್ಲಿ ಸುಳ್ಳಿಲ್ಲ. ಅವನ ಗಂಟಲು ನನ್ನ ಕಣ್ಣಿಗೆ ಕಾಣುತ್ತಿತ್ತು, ಬೇರೇನೂ ಕಾಣುತ್ತಿರಲಿಲ್ಲ. ಗೆಣ್ಣಿನ ಗಾಯ ಮತ್ತೆ ಬಿಗಿಯಿತು. ನಡುವೆ, ನೆಲದ ಮೇಲೆ ಕೂತ ನಿಖಿಲ್ ತಲೆಯೆತ್ತಿ, ನನ್ನನ್ನು ಕಂಡು, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡ.

ನನ್ನ ಕಾಲು ನಿಂತುಹೋಯಿತು. ವಾಪಸ್ಸು ವರಾಂಡಕ್ಕೆ ಹೋಗಿ ಬಕೆಟ್ಟು, ಮಾಪು ತಂದೆ. ಯಾರೂ ನನ್ನನ್ನು ತಡೆಯಲಿಲ್ಲ. ದೀಕ್ಷಾ ಅವನನ್ನು ಎಬ್ಬಿಸಿ ಕುರ್ಚಿಗೆ ಕರೆದೊಯ್ದಳು. ನಾನು ಮಂಡಿಯೂರಿ ಒರೆಸಿದೆ. ಮಿಥುನ್ ಹಿಂದಿನಿಂದ ನನ್ನನ್ನು ಕ್ಲೀನರ್ ಭಾಯಿ ಎಂದು ಕರೆದ. ಕೆಲವರು ನಕ್ಕರು. ಅಂದು ನೆಲದ ಮೇಲಿಂದ ಕಣ್ಣೆತ್ತದೆ ಇರುವುದಕ್ಕೆ ನನಗೆ ಬೇಕಾದ ಶಕ್ತಿ ಎಷ್ಟೆಂದರೆ, ಒರೆಸಿ ಮುಗಿಸುವಾಗ ಹಲ್ಲು ಕಚ್ಚಿ ದವಡೆ ನೋಯುತ್ತಿತ್ತು. ಆಮೇಲೆ ನಾನು ವೈಸ್ ಪ್ರಿನ್ಸಿಪಾಲ್ ಮೇಡಂ ಹತ್ತಿರ ಹೋಗಿ ಮಿಥುನ್ ಹೆಸರು ಹೇಳಿದೆ.

ಹೊರಡುವಾಗ ಗಾಜಿನ ಆಚೆ ನೋಡಿದೆ. ಸಂಗೀತ ಮತ್ತೆ ಶುರುವಾಗಿತ್ತು. ನಿಖಿಲ್ ಮತ್ತು ದೀಕ್ಷಾ ಗೋಡೆಯ ಪಕ್ಕ, ತಿರುಗದೆ, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಅವನ ಒಂದು ಕೈ ಗೋಡೆಯ ಮೇಲಿತ್ತು.

ಪಪ್ಪ ಆಮೇಲೆ ನನಗೆ ಹೊಡೆಯಲಿಲ್ಲ, ಮಾತೂ ಕಡಿಮೆಯಾಯಿತು. ನಿಖಿಲನ ತಲೆಸುತ್ತು ಒಂದು ವರ್ಷದಲ್ಲಿ ಹೋಯಿತು, ಎಡಗಿವಿಗೆ ಕೇಳುವ ಶಕ್ತಿ ಮರಳಲಿಲ್ಲ ಎಂದು ಅಮ್ಮನಿಂದ ತಿಳಿಯಿತು. ನಾನು ಊರಿಗೆ ಹೋಗಿ ಡಿಪ್ಲೊಮಾ ಮುಗಿಸಿ ಮತ್ತೆ ಇಲ್ಲಿಗೇ ಬಂದೆ. ಹಾಸ್ಟೆಲ್ಲಿನಲ್ಲಿ ಎರಡು ಸಲ ಕೈ ಎತ್ತಿದ್ದೇನೆ, ಒಮ್ಮೆ ಒಂದು ಬಾಗಿಲು ಮುರಿದಿದ್ದೇನೆ. ಆ ಕೈ ಮನುಷ್ಯರ ಮೇಲೆ ಬೀಳಲಿಲ್ಲ. ಬಿದ್ದಿಲ್ಲ ಎಂದರೆ ಅದು ಮತ್ತೆ ಏಳುವುದೇ ಇಲ್ಲ ಎಂದಲ್ಲ.

ಆ ಹೋಟೆಲಿನ ಹಾಲ್‌ನಿಂದ ಬಂದ ರಾತ್ರಿ ಅಮ್ಮನಿಂದ ನಂಬರ್ ಪಡೆದು ನಿಖಿಲ್‌ಗೆ ಮೆಸೇಜ್ ಹಾಕಿದೆ. ಅವನೂ ಇಲ್ಲೇ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದಾನೆ. ಎರಡು ದಿನ ಬಿಟ್ಟು ಉತ್ತರ ಬಂತು: ಶುಕ್ರವಾರ ಬೆಳಗ್ಗೆ, ಮೈದಾನ್ ಹವಲ್ಲಿ, ಹಳೆ ಮನೆಯ ಕೆಳಗಿನ ಚಾಯ್ ಅಂಗಡಿ.

ಅವನು ದಪ್ಪಗಾಗಿದ್ದ. ಕೈ ಕುಲುಕಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನಾವು ಚಾಯ್ ಲೋಟ ಹಿಡಿದು ಕಾಲುದಾರಿಯಲ್ಲಿ ನಡೆಯತೊಡಗಿದೆವು. ರಸ್ತೆಯಲ್ಲಿ ಕಾರುಗಳ ಸದ್ದು. ಅಂದು ಅವನ ಮನೆಯ ಬಾಗಿಲಲ್ಲಿ, ಕ್ಲಾಸಿನ ಮುಂದೆ, ಹಾಲ್‌ನ ನೆಲದ ಮೇಲೆ ಬಾಯಿಗೆ ಬರದೇ ಉಳಿದದ್ದನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ತಪ್ಪಾಯಿತು ಎಂದೆ. ಒದೆಯುವಾಗ ನನಗೆ ಹಿತವಾಗಿತ್ತು ಎನ್ನುವುದನ್ನೂ ಹೇಳಿದೆ. ಹೇಳಿ ಮುಗಿಸಿ, ನೆಲ ನೋಡುತ್ತ ಅವನ ಉತ್ತರಕ್ಕೆ ಕಾದೆ.

ಅವನು ನಾಲ್ಕು ಹೆಜ್ಜೆ ನಡೆದು ನಿಂತ.

“ಏನೋ ಅಂದೆ ಅಲ್ವಾ?” ಎಂದ. “ಈ ಕಡೆ ಬಾ. ಆ ಕಡೆ ಕೇಳ್ಸಲ್ಲ ನಂಗೆ.”

ನಾನು ಅವನ ಹಿಂದಿನಿಂದ ಸುತ್ತಿ ಬಂದು ಬಲಗಡೆ ನಿಂತೆ. ಅವನು ಲೋಟ ಕೈ ಬದಲಿಸಿ, ತಲೆಯನ್ನು ತುಸು ನನ್ನ ಕಡೆ ವಾಲಿಸಿದ. ನಾನು ಮೊದಲಿನಿಂದ ಹೇಳಲು ಶುರು ಮಾಡಿದೆ.